ಕಲ್ಲೂರಿನ ಪೆಟ್ಟಿಗೆ, ಜರ್ಮನಿಯ ಕಾಗದ

ನಿಮ್ಮಲ್ಲಿ ಎಷ್ಟೋ ಜನರ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇದ್ದೀತು. ಅದರ ಕೀಲಿ ಎಲ್ಲಿದೆಯೆಂಬುದು ಮನೆಯ ಹಿರಿಯರೊಬ್ಬರಿಗೆ ಮಾತ್ರ ಗೊತ್ತು. ದೀಪಾವಳಿಗೋ ಯುಗಾದಿಗೋ ಮನೆ ಸಾರಿಸುವಾಗ ಅದನ್ನು ಕೆಳಗಿಳಿಸುತ್ತೇವೆ, ಧೂಳು ಕೊಡವುತ್ತೇವೆ, ಮತ್ತೆ ಮೇಲಿಡುತ್ತೇವೆ. ಒಳಗೆ ಏನಿದೆಯೆಂದು ಕೇಳಿದರೆ “ಹಳೇ ಕಾಗದ” ಎಂಬ ಉತ್ತರ ಬರುತ್ತದೆ. ಈ ಹೊತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಅಂಥ ಹಳೆಯ ಕಾಗದದ ಒಂದು ಬಗೆಯನ್ನು ಕುರಿತು: ಯುದ್ಧಕಾಲದಲ್ಲಿ ಸಿಪಾಯಿಗೆ ಪದಕದ ಜೊತೆಗೆ ಕೊಡುತ್ತಿದ್ದ ಪತ್ರವನ್ನು ಕುರಿತು.

ರಾಯಚೂರು ಜಿಲ್ಲೆಯಲ್ಲಿ, ಮಾನವಿಯ ಸೀಮೆಯಲ್ಲಿ, ಮಹಾಲಕ್ಷ್ಮಿಯ ಗುಡಿಗೆ ಹೆಸರಾದ ಕಲ್ಲೂರು ಎಂಬ ಊರಿದೆ. ಅಲ್ಲಿ ನನ್ನ ಪರಿಚಯದ ಹಿರಿಯರೊಬ್ಬರಿದ್ದಾರೆ. ಊರಿನವರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅವರ ಅಜ್ಜ ನಿಜಾಮರ ಕುದುರೆ ರಿಸಾಲೆಯಲ್ಲಿ ಸವಾರರಾಗಿದ್ದು ಮೊದಲನೆಯ ಮಹಾಯುದ್ಧದಲ್ಲಿ ಮಿಸರ, ಪ್ಯಾಲೆಸ್ಟೈನುಗಳವರೆಗೆ ಹೋಗಿಬಂದವರು. ಆಗ ನಮ್ಮ ರಾಯಚೂರು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತೆಂಬುದನ್ನು ನೀವು ಬಲ್ಲಿರಿ. ಆ ಅಜ್ಜ ತಂದ ಪದಕವೊಂದು ಚಾಚಾ ಅವರ ಪಡಸಾಲೆಯ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಮೂರು ತಲೆಮಾರಿನಿಂದ ತೂಗಾಡುತ್ತಿತ್ತು. ಕಪ್ಪು ಬಣ್ಣದ, ನಾಲ್ಕು ತೋಳಿನ ಶಿಲುಬೆಯಾಕಾರದ ಪದಕ. “ಜರ್ಮನ್ ಬಾದಶಹನನ್ನು ಸೋಲಿಸಿದ್ದಕ್ಕೆ ನಮ್ಮಜ್ಜನಿಗೆ ಕೊಟ್ಟದ್ದು” ಎಂಬುದು ಮನೆಯ ಮಾತು. ಮದುವೆಗೆ ಹೆಣ್ಣು ನೋಡಲು ಬಂದವರಿಗೂ ಇದನ್ನು ತೋರಿಸಿಯೇ ಕಳಿಸುತ್ತಿದ್ದರಂತೆ.

ನಾನು ಚೌಕಟ್ಟನ್ನು ಕೆಳಗಿಳಿಸಿ ನೋಡಿದೆ. ಪದಕದ ಮೇಲೆ ಕಿರೀಟ, ಅದರ ಕೆಳಗೆ ಒಂದು ಅಕ್ಷರ, ಇನ್ನೂ ಕೆಳಗೆ 1914. ಹಿಂಬದಿಯಲ್ಲಿ ಓಕ್ ಮರದ ಎಲೆಗಳು ಮತ್ತು 1813. ಮನೆಯ ಮೂಲೆಯಲ್ಲಿ ಕೆಟ್ಟುಬಿದ್ದಿದ್ದ ರೇಡಿಯೋದ ಸ್ಪೀಕರಿನಿಂದ ಆಯಸ್ಕಾಂತ ತೆಗೆದು ಹತ್ತಿರ ಹಿಡಿದೆವು. ಪದಕ ಟಕ್ಕನೆ ಅಂಟಿಕೊಂಡಿತು. ಒಳಗೆ ಕಬ್ಬಿಣ, ಅಂಚಿಗೆ ಬೆಳ್ಳಿ. ಇದು ಜರ್ಮನರನ್ನು ಸೋಲಿಸಿದ್ದಕ್ಕೆ ಕೊಟ್ಟದ್ದಲ್ಲ. ಜರ್ಮನರೇ ತಮ್ಮ ಸೈನಿಕರಿಗೆ ಕೊಡುತ್ತಿದ್ದ ‘ಕಬ್ಬಿಣದ ಶಿಲುಬೆ’. ಪ್ರಶ್ಯದ ಅರಸ ಮೂರನೆಯ ಫ್ರೆಡರಿಕ್ ವಿಲಿಯಂ ನೆಪೋಲಿಯನ್ನನ ವಿರುದ್ಧದ ಯುದ್ಧದಲ್ಲಿ, 1813ರಲ್ಲಿ, ಇದನ್ನು ಸ್ಥಾಪಿಸಿದ. ಮುಂದೆ 1870, 1914, 1939ರಲ್ಲಿ ಅದನ್ನು ಮತ್ತೆ ಮತ್ತೆ ಜಾರಿಗೆ ತಂದರು. ಮೊದಲನೆಯ ಮಹಾಯುದ್ಧದಲ್ಲಿ ಇದರ ಎರಡನೆಯ ದರ್ಜೆಯ ಪದಕವನ್ನು ಸುಮಾರು 50 ಲಕ್ಷ ಜನರಿಗೆ ಹಂಚಿದರೆಂದು ಲೆಕ್ಕ.

ಚಾಚಾ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಎದ್ದು ಹೋಗಿ ತಗಡಿನ ಪೆಟ್ಟಿಗೆಯನ್ನೇ ತಂದಿಟ್ಟರು. “ಇದರಾಗ ಎರಡು ಕಾಗದ ಅವ ಮಾಸ್ತರ. ನಮ್ಮಜ್ಜನ ಹೆಸರು ಎಲ್ಲಿ ಅದ, ತೋರಿಸ್ರಿ” ಎಂದರು.

ಮೊದಲ ಕಾಗದ ಉರ್ದುವಿನದು. ಅದನ್ನು ಅವರೇ ಓದಿದರು. ರಿಸಾಲೆಯಿಂದ ಬಿಡುಗಡೆ ಹೊಂದಿದ ಪತ್ರ. ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು, ಎಡಗೈಯ ಮೇಲಿನ ಗಾಯದ ಗುರುತು ಎಲ್ಲವೂ ಅದರಲ್ಲಿವೆ. ತಾರೀಖು ಮಾತ್ರ ‘1330, ಅಮರ್ದಾದ್’ ಎಂದಿತ್ತು. ಮನೆಯ ಹುಡುಗರು ಇದನ್ನು ಹಿಜರಿಯೆಂದು ತಿಳಿದು ಅಜ್ಜ ಯುದ್ಧಕ್ಕೆ ಮುಂಚೆಯೇ ನೌಕರಿ ಬಿಟ್ಟರೆಂದು ಲೆಕ್ಕ ಹಾಕಿದ್ದರು! ಇದು ನಿಜಾಮರ ರಾಜ್ಯದ ಫಸಲಿ ವರ್ಷ. ಫಸಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾಗುವ ಇಸವಿ ಸಿಗುತ್ತದೆ; ವರ್ಷ ಹುಟ್ಟುವುದು ಅಕ್ಟೋಬರಿನಲ್ಲಿ. ಅಮರ್ದಾದ್ ಒಂಬತ್ತನೆಯ ತಿಂಗಳು. ಆದ್ದರಿಂದ ಅಜ್ಜ ಬಿಡುಗಡೆ ಹೊಂದಿದ್ದು 1921ರ ಜೂನಿನ ಸುಮಾರಿಗೆ. ನಮ್ಮ ಕಡೆಯ ಹಳೆಯ ಕಾಗದ ನೋಡುವವರು ಈ ಒಂದು ಲೆಕ್ಕವನ್ನು ನೆನಪಿಟ್ಟುಕೊಂಡರೆ ಎಷ್ಟೋ ಗೊಂದಲ ತಪ್ಪುತ್ತದೆ.

ಎರಡನೆಯದು ಅಂಗೈಯಗಲದ ಕಾಗದ. ನಾಲ್ಕು ಮಡಿಕೆ, ಮಡಿಕೆಯ ಗೆರೆಗಳಲ್ಲಿ ಹರಿದಿದೆ. ಕೆಲವು ಸಾಲು ಅಚ್ಚು, ಉಳಿದದ್ದು ಕೈಬರಹ, ಮೂಲೆಯಲ್ಲಿ ದುಂಡು ಮೊಹರು. ಕೈಬರಹವಂತೂ ಇಂಗ್ಲಿಷು ಬಲ್ಲವರಿಗೂ ತಿಳಿಯದ್ದು. ನಮ್ಮಲ್ಲಿ ಮೋಡಿ ಅಕ್ಷರವಿದ್ದಂತೆ ಜರ್ಮನರಲ್ಲಿಯೂ ಹಳೆಯ ಓಟದ ಬರಹವೊಂದಿತ್ತು. ಅದನ್ನು ಶಾಲೆಗಳಿಂದ 1941ರಲ್ಲಿ ತೆಗೆದುಹಾಕಿದ ಮೇಲೆ ಅಲ್ಲಿಯ ಮೊಮ್ಮಕ್ಕಳಿಗೂ ತಮ್ಮ ಅಜ್ಜಂದಿರ ಪತ್ರ ಓದಲು ಬರುವುದಿಲ್ಲ. ನಾನು ಜರ್ಮನ್ ಬಲ್ಲ ಸ್ನೇಹಿತರೊಬ್ಬರಿಗೆ ಇದರ ಪಡಿಯಚ್ಚು ಕಳಿಸಿದೆ. ಎರಡು ವಾರದ ಮೇಲೆ ಉತ್ತರ ಬಂತು. ಚಕ್ರವರ್ತಿಯ ಹೆಸರಿನಲ್ಲಿ, ತೋಪುಖಾನೆಯ ಇಂಥ ಸೈನಿಕನಿಗೆ, ಎರಡನೆಯ ದರ್ಜೆಯ ಕಬ್ಬಿಣದ ಶಿಲುಬೆಯನ್ನು ಕೊಡಲಾಗಿದೆ ಎಂದು ಅದರ ಸಾರ. ತಾರೀಖು 1917ರದು. ಆ ಸೈನಿಕನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಅವನಿಗೂ ಮೊಮ್ಮಕ್ಕಳಿದ್ದಾರು.

ಇಂಥ ಕಾಗದಕ್ಕೆ ಒಂದು ನಿಶ್ಚಿತ ಮೈಕಟ್ಟುಂಟು. ಯಾರ ಹೆಸರಿನಲ್ಲಿ ಕೊಟ್ಟದ್ದು, ಯಾರಿಗೆ, ಅವನ ದರ್ಜೆ ಯಾವುದು, ಯಾವ ದಳ, ಯಾವ ಪದಕ, ಎಲ್ಲಿ, ಎಂದು, ಕೊನೆಗೆ ಅಧಿಕಾರಿಯ ರುಜು ಮತ್ತು ಮೊಹರು. ಇದು ಜರ್ಮನರು ಕಂಡುಹಿಡಿದ ಕ್ರಮವೆಂದು ತಿಳಿಯಬೇಡಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲೊಂದಿದೆ, ಕಾಲ ಕ್ರಿ. ಶ. 949-50. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಸತ್ತ ಮೇಲೆ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗ ಬೂತುಗನಿಗೆ ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು ಮುಂತಾದ ನಾಡುಗಳನ್ನು ಕೊಟ್ಟದ್ದನ್ನೂ, ಬೂತುಗನ ಕಡೆಯ ಮಣಲೆರನೆಂಬ ವೀರನು ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದದ್ದನ್ನೂ ಅದು ಹೇಳುತ್ತದೆ. ಕೊಟ್ಟವನು, ಪಡೆದವನು, ಯುದ್ಧ, ಕೊಡುಗೆ, ಕಾಲ ಎಲ್ಲವೂ ಅದರಲ್ಲಿವೆ. ಆ ನಾಯಿ ಹಂದಿಯೊಡನೆ ಕಾದಾಡಿ ಸತ್ತಿತು. ಅದಕ್ಕೂ ಕಲ್ಲಿನ ಮೇಲೆ ಜಾಗ ಸಿಕ್ಕಿತು. ಕಾಗದವಾಗಿದ್ದರೆ ಇಷ್ಟು ಹೊತ್ತಿಗೆ ಗೆದ್ದಲು ತಿಂದಿರುತ್ತಿತ್ತು.

ಹಾಗಾದರೆ ಜರ್ಮನ್ ತೋಪಿನವನ ಕಾಗದ ಕಲ್ಲೂರಿಗೆ ಬಂದದ್ದು ಹೇಗೆ? ಮೈಸೂರು, ಜೋಧಪುರ, ಹೈದರಾಬಾದುಗಳ ರಿಸಾಲೆಗಳು ಸೇರಿ ಹದಿನೈದನೆಯ ಅಶ್ವದಳದ ಬ್ರಿಗೇಡಾಗಿತ್ತು. ದೆಹಲಿಯ ತೀನ್ ಮೂರ್ತಿಯ ಮೂರು ಮೂರ್ತಿಗಳು ಈ ಮೂರು ಸಂಸ್ಥಾನಗಳ ಸವಾರರೇ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರಿನ ಸವಾರರು ಭರ್ಜಿ ಹಿಡಿದು ಮಷೀನ್‌ಗನ್ನುಗಳ ಎದುರಿಗೆ ಕುದುರೆ ನುಗ್ಗಿಸಿ ಹೈಫಾ ಪಟ್ಟಣವನ್ನು ಹಿಡಿದರು. ಸಿಕ್ಕ ಕೈದಿಗಳು 1,350. ಸಿಕ್ಕ ತೋಪುಗಳು 17. ಕೈದಿಗಳಲ್ಲಿ ತುರ್ಕರ ಜೊತೆ ಜರ್ಮನರೂ ಇದ್ದರು. ನಮ್ಮವರಲ್ಲಿ ಸತ್ತವರು ಎಂಟು ಜನ, ಸತ್ತ ಕುದುರೆಗಳು ಅರವತ್ತು. ಹೈದರಾಬಾದಿನ ರಿಸಾಲೆ ಆ ದಾಳಿಯಲ್ಲಿ ನುಗ್ಗಿದ್ದಲ್ಲ. ಆದರೆ ಆ ಶರತ್ಕಾಲದಲ್ಲಿ ಪ್ಯಾಲೆಸ್ಟೈನಿನ ದಾರಿಗಳಲ್ಲೆಲ್ಲ ಕೈದಿಗಳ ಸಾಲು ನಡೆದಿತ್ತು, ಸಾಲಿನ ಪಕ್ಕಕ್ಕೆ ಕಾವಲು ಸವಾರರಿದ್ದರು. ಕಾವಲಿನವನು ಕಿತ್ತುಕೊಂಡನೋ, ಕೈದಿಯೇ ರೊಟ್ಟಿಗೋ ಬೀಡಿಗೋ ಮಾರಿಕೊಂಡನೋ, ಅಥವಾ ದಾರಿಯಲ್ಲಿ ಬಿದ್ದದ್ದು ಸಿಕ್ಕಿತೋ, ಕಾಗದ ಅಷ್ಟನ್ನು ಹೇಳುವುದಿಲ್ಲ. ನಾನು ಮೂರನ್ನೂ ಚಾಚಾ ಅವರ ಮುಂದಿಟ್ಟೆ. ಅವರು ಎರಡನೆಯದನ್ನು ಆರಿಸಿಕೊಂಡರು. ನನಗೂ ಹಾಗೆ ನಂಬುವುದೇ ಇಷ್ಟ. ಕಾಗದವನ್ನೂ ಜೊತೆಗೆ ಮಡಿಚಿಕೊಟ್ಟವನು ಮಾರಿದವನೇ ಇರಬೇಕು, ಕಸಿದುಕೊಳ್ಳುವವನಿಗೆ ಕಾಗದವೇಕೆ?

ಇಷ್ಟರಲ್ಲಿ ನೀವು ಕೇಳಬಹುದು: ಅಜ್ಜನ ಸ್ವಂತ ಪದಕಗಳು ಏನಾದುವು? ಅವಕ್ಕೂ ಒಂದು ಕಥೆಯುಂಟು. ಮಿಸರಕ್ಕೆ ಹೋದ ಸವಾರರಿಗೆ ಬ್ರಿಟಿಷ್ ಸರ್ಕಾರ ಕೊಟ್ಟ ಯುದ್ಧಪದಕ ಅಪ್ಪಟ ಬೆಳ್ಳಿಯದು. ಅಂಚಿನ ಮೇಲೆ ಸಿಪಾಯಿಯ ನಂಬರು, ಹೆಸರು, ದಳ ಕೆತ್ತಿರುತ್ತಿತ್ತು. 1980ರ ಸುಮಾರಿಗೆ ಬೆಳ್ಳಿಯ ಬೆಲೆ ಏರಿದಾಗ ಅದು ಪತ್ತಾರನ ಕುಲುಮೆಗೆ ಹೋಗಿ ಮನೆಯ ಹೆಣ್ಣುಮಗಳ ಕಾಲ್ಗೆಜ್ಜೆಯಾಯಿತು. ಅದೇ ಪತ್ತಾರ ಕಪ್ಪು ಶಿಲುಬೆಯನ್ನು ಉಜ್ಜಿ ನೋಡಿ “ಇದು ಕಬ್ಬಿಣ” ಎಂದು ಹಿಂದಕ್ಕೆ ಕೊಟ್ಟನಂತೆ. ಅಜ್ಜನದು ಬೆಳ್ಳಿಯೆಂದು ಕರಗಿತು, ಪರರದು ಕಬ್ಬಿಣವೆಂದು ಉಳಿಯಿತು!

ಈ ಬಗೆಯ ಕಾಗದಗಳನ್ನು ಹವ್ಯಾಸವಾಗಿ ಕೂಡಿಸುವವರು ಲೋಕದಲ್ಲಿ ಬಹಳ ಮಂದಿಯಿದ್ದಾರೆ. ಅವರಿಗೆ ಹೆಚ್ಚಾಗಿ ಬೇಕಾಗಿರುವುದು ಎರಡನೆಯ ಮಹಾಯುದ್ಧದ ಜರ್ಮನ್ ಪತ್ರಗಳು. ಗಾಯಗೊಂಡವನಿಗೆ ಒಂದೆರಡು ಸಲಕ್ಕೆ ಕಪ್ಪು ಬಿಲ್ಲೆ, ಮೂರು ನಾಲ್ಕು ಸಲಕ್ಕೆ ಬೆಳ್ಳಿಯ ಬಣ್ಣದ್ದು, ಐದಕ್ಕೆ ಮೇಲ್ಪಟ್ಟರೆ ಬಂಗಾರದ ಬಣ್ಣದ್ದು, ಪ್ರತಿಯೊಂದಕ್ಕೂ ಪತ್ರ. ರಷ್ಯದ 1941-42ರ ಚಳಿಗಾಲ ಕಳೆದವರಿಗೆ ಕೊಟ್ಟ ಪದಕಕ್ಕೆ ಸೈನಿಕರೇ ಇಟ್ಟ ಹೆಸರು ‘ಹೆಪ್ಪುಗಟ್ಟಿದ ಮಾಂಸದ ಪದಕ’! ಪತ್ರ ನಿಜವೋ ಸುಳ್ಳೋ ಎಂದು ನೋಡುವ ಕ್ರಮವೂ ಸರಳವೇ. ಪದಕ ಕೊಟ್ಟದ್ದನ್ನು ಸೈನಿಕನ ಜೇಬಿನಲ್ಲಿರುವ ವೇತನ ಪುಸ್ತಕದಲ್ಲೂ ದಳದ ಕಚೇರಿಯಲ್ಲಿರುವ ಇನ್ನೊಂದು ಪುಸ್ತಕದಲ್ಲೂ ಬರೆಯುತ್ತಿದ್ದರು; ಮೂರೂ ತಾಳೆಯಾಗಬೇಕು. ರುಜು ಮಾಡಿದ ಅಧಿಕಾರಿ ಆ ತಾರೀಖಿನಲ್ಲಿ ಆ ದಳದಲ್ಲಿಯೇ ಇದ್ದನೆ, ಆ ದರ್ಜೆಯಲ್ಲಿಯೇ ಇದ್ದನೆ ಎಂದು ನೋಡಬೇಕು. ಕಾಗದವನ್ನು ಅತಿನೇರಳೆ ದೀಪದಡಿ ಹಿಡಿದಾಗ ನೀಲಿಯಾಗಿ ಹೊಳೆದರೆ ಸಂದೇಹಪಡಬೇಕು. ಕಾಗದಕ್ಕೆ ಹಾಗೆ ಹೊಳೆಯುವ ಬಿಳುಪಿನ ಮದ್ದು ಬೆರೆಸುವುದು ಬಳಕೆಗೆ ಬಂದದ್ದು ಯುದ್ಧ ಮುಗಿದ ಮೇಲೆ. ಬೆಲೆ ಇರುವಲ್ಲಿ ಕಳ್ಳಮಾಲು ಇದ್ದೇ ಇರುತ್ತದೆ.

ಆದರೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಹಿಟ್ಲರನ ಹೆಸರಿನಲ್ಲಿ ಕೊಟ್ಟ ಪತ್ರಗಳಲ್ಲಿ ಕೆಲವು, ಲಕ್ಷಾಂತರ ನಿರಪರಾಧಿಗಳನ್ನು ಕೊಂದ ದಳಗಳವರಿಗೆ ಸಂದವು. ಮೊಹರಿನ ಅಂದ ನೋಡುತ್ತ ಕೂತವನಿಗೆ ಇದು ಮರೆತುಹೋಗುತ್ತದೆ. ಆ ಚಿಹ್ನೆಯನ್ನು ಬಹಿರಂಗವಾಗಿ ಮೆರೆಸುವುದು ಜರ್ಮನಿಯಲ್ಲಿ ಅಪರಾಧ; ಸಂಶೋಧನೆ, ಪಾಠ ಮುಂತಾದವಕ್ಕೆ ವಿನಾಯಿತಿಯಿದೆ. ಹಳೆಯ ಪದಕಗಳನ್ನು ಧರಿಸಲು 1957ರ ಕಾನೂನು ಅವಕಾಶ ಕೊಟ್ಟಾಗಲೂ ಸ್ವಸ್ತಿಕವನ್ನು ತೆಗೆದು ಹೊಸದಾಗಿ ಮಾಡಿಸಿಕೊಳ್ಳಬೇಕಾಗಿತ್ತು. ಭಾರತೀಯರಿಗೂ ಆ ಯುದ್ಧದಲ್ಲಿ ಜರ್ಮನಿಯ ನೆಲದಲ್ಲಿ ಪದಕಗಳು ದೊರೆತದ್ದುಂಟು: ಸುಭಾಷಚಂದ್ರ ಬೋಸರು 1942ರಲ್ಲಿ ಸ್ಥಾಪಿಸಿದ ‘ಆಜಾದ್ ಹಿಂದ್’ ಪದಕಗಳು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಭಾರತೀಯ ಸಿಪಾಯಿಗಳಿಂದ ಕಟ್ಟಿದ ದಳದವರು ಅವನ್ನು ಧರಿಸಿದರು. ಅದೊಂದು ಬೇರೆಯ, ಉದ್ದವಾದ ಕಥೆ.

ಕಲ್ಲೂರಿನ ಕಾಗದಕ್ಕೆ ಮರಳೋಣ. ಆ ತೋಪಿನವನು ಯಾರೆಂದು ಹುಡುಕುವುದು ಸುಲಭವೇನಲ್ಲ. ಪ್ರಶ್ಯದ ಸೈನ್ಯದ ದಫ್ತರವೆಲ್ಲ ಪಾಟ್ಸ್‌ಡ್ಯಾಮಿನಲ್ಲಿತ್ತು. 1945ರ ಏಪ್ರಿಲ್ 14ರ ರಾತ್ರಿ ಬಾಂಬು ಬಿದ್ದು ಬಹುಪಾಲು ಸುಟ್ಟುಹೋಯಿತು. ಬ್ರಿಟಿಷರ ಸೈನಿಕರ ದಫ್ತರಕ್ಕೂ ಲಂಡನ್ನಿನಲ್ಲಿ 1940ರಲ್ಲಿ ಇದೇ ಗತಿಯಾಗಿತ್ತು. ಒಬ್ಬರ ಅಜ್ಜಂದಿರ ಲೆಕ್ಕವನ್ನು ಇನ್ನೊಬ್ಬರು ಸುಟ್ಟದ್ದಾಯಿತು. ಆದರೂ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರ ಯಾದಿಯನ್ನು ಜರ್ಮನರು ಯುದ್ಧಕಾಲದಲ್ಲಿಯೇ ಅಚ್ಚು ಹಾಕಿಸುತ್ತಿದ್ದರು. ಹೆಸರಿನ ಮುಂದೆ ಹುಟ್ಟಿದೂರೂ ಇರುತ್ತದೆ. ಅದರಲ್ಲಿ ಹುಡುಕಿದಾಗ ನಮ್ಮ ಕಾಗದದ ಹೆಸರಿನವರು ಇಬ್ಬರು ಸಿಕ್ಕರು, ಬೇರೆ ಬೇರೆ ಊರಿನವರು. ಎರಡೂ ಊರಿನ ಪುರಸಭೆಗೆ ಕಾಗದ ಬರೆದಿದ್ದೇನೆ.

ನಮ್ಮವರನ್ನು ಹುಡುಕುವವರಿಗೂ ದಾರಿಗಳಿವೆ. ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಇಟ್ಟಿದೆ. ಎಷ್ಟೋ ಭಾರತೀಯ ಹೆಸರುಗಳ ಮುಂದೆ ತಂದೆಯ ಹೆಸರು, ಊರು ಸಹ ಇವೆ. ಶೌರ್ಯಕ್ಕೆ ಕೊಟ್ಟ ಪದಕಗಳು ಗೆಜೆಟ್ಟಿನಲ್ಲಿ ಪ್ರಕಟವಾಗಿವೆ. ಆದರೆ ಕಾಗದದ ಮೇಲೆ ‘ಹೈದರಾಬಾದ್’ ಎಂದು ಕಂಡೊಡನೆ ನಿಜಾಮರ ಸೈನ್ಯವೆಂದು ತೀರ್ಮಾನಿಸಬೇಡಿ. ‘ಹೈದರಾಬಾದ್ ಕಂಟಿಂಜೆಂಟ್’ ಎಂಬುದು ನಿಜಾಮರ ಖರ್ಚಿನಲ್ಲಿ ಬ್ರಿಟಿಷರು ನಡೆಸಿದ ಸೈನ್ಯ. ಅದರ ಸಂಬಳದ ಬಾಕಿಗಾಗಿಯೇ 1853ರಲ್ಲಿ ನಮ್ಮ ರಾಯಚೂರು ದೋಆಬವನ್ನು ಬ್ರಿಟಿಷರಿಗೆ ಒಪ್ಪಿಸಬೇಕಾಯಿತು. ತಿರುಗಿ ಬಂದದ್ದು 1860ರಲ್ಲಿ. ಲಿಂಗಸುಗೂರಿನಲ್ಲಿ ಅದರ ಛಾವಣಿಯಿತ್ತು. ಆ ಸೈನ್ಯದಿಂದ ಬೆಳೆದ ಹತ್ತೊಂಬತ್ತನೆಯ ಹೈದರಾಬಾದ್ ರೆಜಿಮೆಂಟಿನಲ್ಲಿ ಕೊನೆಕೊನೆಗೆ ಇದ್ದವರು ಕುಮಾಊಂ ಬೆಟ್ಟದವರು, ಜಾಟರು, ಅಹೀರರು. 1945ರಲ್ಲಿ ಅದರ ಹೆಸರೇ ಕುಮಾಊಂ ರೆಜಿಮೆಂಟ್ ಎಂದಾಯಿತು. ನಮ್ಮ ಕೊಡಗಿನ ತಿಮ್ಮಯ್ಯನವರು ಬರ್ಮಾದಲ್ಲಿ ನಡೆಸಿದ್ದು ಅದರದೇ ಒಂದು ಪಲ್ಟನನ್ನು.

ಹೋದ ತಿಂಗಳು ಕಲ್ಲೂರಿಗೆ ಹೋಗಿದ್ದೆ. ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಈಗ ಅಜ್ಜನ ಉರ್ದು ಬಿಡುಗಡೆ ಪತ್ರವಿದೆ. ಕಬ್ಬಿಣದ ಶಿಲುಬೆಯನ್ನೂ ಅದರ ಕಾಗದವನ್ನೂ ಬಿಳಿಯ ಬಟ್ಟೆಯಲ್ಲಿ ಸುತ್ತಿ, ಬೇವಿನೆಲೆ ಹಾಕಿ, ಪೆಟ್ಟಿಗೆಯಲ್ಲಿ ಬೇರೆಯಾಗಿ ಇಟ್ಟಿದ್ದಾರೆ. ಪೇಟೆಯ ವ್ಯಾಪಾರಿಯೊಬ್ಬ ಒಳ್ಳೆಯ ಬೆಲೆಗೇ ಕೇಳಿದನಂತೆ, ಚಾಚಾ ಕೊಡಲಿಲ್ಲ. ಜರ್ಮನಿಯಿಂದ ಉತ್ತರ ಇನ್ನೂ ಬಂದಿಲ್ಲ, ತಡವಾದೀತು ಎಂದೆ.

“ಮಂದಿ ಸಾಮಾನು ನೂರು ವರ್ಷ ಕಾಯ್ದೀವಿ ಮಾಸ್ತರ, ಇನ್ನಾ ನಾಕ ದಿನ ಕಾಯ್ತೀವಿ ಬಿಡ್ರಿ” ಎಂದು ಪೆಟ್ಟಿಗೆಯ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.