ಕಲ್ಲು ಕಡೆದವರು ಯಾರು?

ಇಂದು ಪದವಿ ಪಡೆಯುತ್ತಿರುವ ತಮ್ಮ ತಂಗಿಯರೇ,

ನಾನು ತಾಳವಾಡಿ ಬೆಟ್ಟದ ತಿಗನಾರೆಯವನು. ನಮ್ಮ ಮನೆಯ ಮಣ್ಣುಗೋಡೆಯ ಮೇಲೊಂದು ಹಳೆಯ ಕ್ಯಾಲೆಂಡರ್ ಇತ್ತು. ವರ್ಷ ಮುಗಿದು ಎಷ್ಟೋ ಕಾಲವಾದರೂ ಅಜ್ಜಿ ಅದನ್ನು ತೆಗೆಯಲು ಬಿಡಲಿಲ್ಲ. ಅದರಲ್ಲಿದ್ದದ್ದು ವಿಧಾನಸೌಧದ ಚಿತ್ರ. ಊದುಬತ್ತಿಯ ಹೊಗೆಗೆ ಗುಮ್ಮಟ ಕಂದಿಹೋಗಿತ್ತು.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡವನ್ನೇ ಆಡುವ ನಮ್ಮ ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ವಿಧಾನಸೌಧ ಪೂರ್ತಿಯಾದದ್ದೂ ಅದೇ ವರ್ಷ. ನಮ್ಮ ತೆರಿಗೆ ಅಲ್ಲಿಗೆ ಹೋಗಲಿಲ್ಲ, ನಮ್ಮ ಅರ್ಜಿಗಳೂ ಅಲ್ಲಿಗೆ ಹೋಗಲಿಲ್ಲ. ಆದರೂ ಅಜ್ಜಿ ಅದನ್ನು 'ನಮ್ಮ ಸೌಧ' ಅನ್ನುತ್ತಿದ್ದಳು. ಒಂದು ಕಟ್ಟಡ ಗಡಿಯಾಚೆಯವರಿಗೂ ಮನೆಯಾಗಬಲ್ಲದು ಎಂದು ನಾನು ಮೊದಲು ತಿಳಿದದ್ದು ಅವಳಿಂದ.

ಆ ಸೌಧಕ್ಕೆ ನೆಹರೂ ಶಂಕುಸ್ಥಾಪನೆ ಮಾಡಿದ್ದು 1951ರ ಜುಲೈ 13ರಂದು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಹಳೆಯ ನಕ್ಷೆಯನ್ನೇ ಬದಲಿಸಿದರು. ಎದುರಿಗೆ ಇದ್ದದ್ದು 1868ರ ಅಠಾರಾ ಕಚೇರಿ ಕಟ್ಟಡ, ಐರೋಪ್ಯ ಶೈಲಿಯದು. ನಿಮ್ಮದೇ ಆದ ವಾಸ್ತುಶಿಲ್ಪ ಇಲ್ಲವೇ ಎಂದು ಬೆಂಗಳೂರು ನೋಡಲು ಬಂದ ರಷ್ಯನ್ನರು ಕೇಳಿದ್ದು ಹನುಮಂತಯ್ಯನವರಿಗೆ ನಾಟಿತು ಎನ್ನುವ ಮಾತು ಇಂದಿಗೂ ಓಡಾಡುತ್ತದೆ. ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಕಂ ಅವರ ಕೈಯಲ್ಲಿ ದ್ರಾವಿಡ ಶೈಲಿ ಗ್ರಾನೈಟಿನಲ್ಲಿ ಮೇಲೆದ್ದಿತು. ಖರ್ಚಿನ ಬಗ್ಗೆ ದೊಡ್ಡ ಗದ್ದಲವೇ ಆಯಿತು. 1956ರ ಆಗಸ್ಟಿನಲ್ಲಿ ಹನುಮಂತಯ್ಯನವರು ಅಧಿಕಾರ ಬಿಟ್ಟರು.

ಇವರ ಹೆಸರೆಲ್ಲ ನಮಗೆ ಗೊತ್ತಿದೆ. ಆದರೆ ಅಲ್ಲಿ ಸುಮಾರು 5,000 ಕೂಲಿಗಳು ದುಡಿದರು. ಅವರಲ್ಲಿ ಬಹುಪಾಲು ಶಿಕ್ಷೆ ಅನುಭವಿಸುತ್ತಿದ್ದ ಕೈದಿಗಳು ಎನ್ನುತ್ತಾರೆ. ಜೊತೆಗೆ ಸುಮಾರು 1,500 ಉಳಿ ಹಿಡಿದವರು, ಬಡಗಿಗಳು. ಮುಂಭಾಗದ ಕಂಬಗಳು 40 ಅಡಿ ಎತ್ತರ. ಮೊದಲ ಸಲ ಬೆಂಗಳೂರಿಗೆ ಹೋದಾಗ ನಾನು ಒಂದು ಗ್ರಾನೈಟ್ ಕಲ್ಲಿನ ಮೇಲೆ ಅಂಗೈ ಇಟ್ಟೆ. ನುಣುಪಾದ ಮೈಯಲ್ಲಿ ಒಂದು ಕಡೆ ಉಳಿಯ ಸಣ್ಣ ಏಟು ಹಾಗೇ ಉಳಿದಿತ್ತು. ಬೆರಳ ತುದಿ ಅದರೊಳಗೆ ಸರಿಯಾಗಿ ಕೂತಿತು. ಜೈಲಿನಿಂದ ಬಂದವನೋ, ಹಳ್ಳಿಯಿಂದ ಬಂದವನೋ, ಆ ಏಟು ಹೊಡೆದವನು ಸಂಜೆ ಎಲ್ಲಿ ಮಲಗಿದ? ಮುಂದೆ ಎಂದಾದರೂ ಮಕ್ಕಳನ್ನು ಕರೆತಂದು 'ಇದು ನಾನು ಕಡೆದ ಕಲ್ಲು' ಎಂದು ತೋರಿಸಿದನೇ? ನನಗೆ ಆ ಕಟ್ಟಡದ ಬೆಲೆ ಇರುವುದು ಗುಮ್ಮಟಕ್ಕಿಂತ ಹೆಚ್ಚಾಗಿ ಆ ಏಟಿನಲ್ಲಿ.

ಹೆಗ್ಗುರುತಾಗಲು ಗಾತ್ರವೂ ಬೇಕಿಲ್ಲ. ನಮ್ಮ ತಾಳವಾಡಿ ಪಕ್ಕದ ಗಾಜನೂರಿನಲ್ಲಿ ಒಂದು ಹೆಂಚಿನ ಮನೆಯಿದೆ, ನಟ ಡಾ. ರಾಜ್‌ಕುಮಾರ್ ಅವರ ಮನೆ. ಜನ ಅಲ್ಲಿಗೆ ಬಂದು ಸುಮ್ಮನೆ ನಿಲ್ಲುತ್ತಾರೆ. ತಗ್ಗಾದ ಆ ಸೂರಿನಡಿಯಿಂದ ಎಂಥ ಕನ್ನಡ ಹೊರಟಿತು ಎಂದು ನೆನೆದು ನನಗೂ ಗಂಟಲು ಕಟ್ಟಿದೆ.

ನಿಮ್ಮಲ್ಲಿ ಕೆಲವರು ಇಂಜಿನಿಯರ್ ಆಗುತ್ತೀರಿ, ಕೆಲವರು ಮೇಷ್ಟ್ರಾಗುತ್ತೀರಿ. ಈ ವಾರ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಹೋಗಿ. ಊರ ಗುಡಿಯ, ಶಾಲೆಯ, ನಿಮ್ಮದೇ ಮನೆಯ ಗೋಡೆ ಎಬ್ಬಿಸಿದವರು ಯಾರು ಎಂದು ಹಿರಿಯರನ್ನು ಕೇಳಿ, ಹೆಸರು ಬರೆದುಕೊಳ್ಳಿ. ತಿಗನಾರೆಯ ನಮ್ಮ ಮನೆಯ ಹೊಸ್ತಿಲು ಒಂದೇ ಕಲ್ಲಿನದು. ಅದನ್ನು ಕಡೆದವನ ಹೆಸರು ಅಜ್ಜಿಗೆ ಗೊತ್ತಿತ್ತು. ಅವಳಿದ್ದಾಗ ನಾನು ಕೇಳಲಿಲ್ಲ.