ಹಿತ್ತಿಲ ಕಳೆಗೆ ಹುಳಿಯ ಮದ್ದು

ಕನ್ನಡದಲ್ಲಿ ‘ಕಳೆ’ ಎಂಬ ಮಾತಿಗೆ ಅರ್ಥ ಒಂದಲ್ಲ. ಮುಖದ ಕಾಂತಿಯೂ ಕಳೆ. ಬೇಡವಾದುದನ್ನು ತೆಗೆದುಹಾಕುವುದೂ ಕಳೆಯುವುದೇ. ಬೆಳೆಯ ಆಹಾರವನ್ನು ಕಸಿಯುವ ಗಿಡವೂ ಕಳೆ. ಮೊದಲನೆಯದು ಸಂಸ್ಕೃತದ ‘ಕಲಾ’ ಶಬ್ದದ ತದ್ಭವ, ಮಿಕ್ಕೆರಡು ಅಚ್ಚಗನ್ನಡದವು. ನಾನು ಈಗ ಹೇಳಹೊರಟಿರುವುದು ಮೂರನೆಯ ಕಳೆಯನ್ನು ಕುರಿತು. ಅಂಗಳದ ಚಪ್ಪಡಿಯ ಸಂದಿನಲ್ಲಿ, ಹೂವಿನ ಪಾತಿಯ ಅಂಚಿನಲ್ಲಿ ತಲೆಯೆತ್ತುವ ಈ ಗಿಡಗಳನ್ನು ವಿನೆಗರ್ ಸಿಂಪಡಿಸಿ ತೆಗೆಯಬಹುದೆಂದು ಅನೇಕರು ಹೇಳುತ್ತಾರೆ. ಅದರಲ್ಲಿ ನಿಜವೆಷ್ಟು?

ವಿನೆಗರ್ ನಮಗೆ ತೀರ ಹೊಸದೇನಲ್ಲ. ವೈದ್ಯಗ್ರಂಥಗಳ ‘ಶುಕ್ತ’ ಇದೇ ಜಾತಿಯದು. ಸಂತೆಬಾಚಹಳ್ಳಿಯ ಕಡೆಯವರಿಗೆ ಆಲೆಮನೆಯ ಪರಿಚಯವಿದ್ದೇ ಇದೆ. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಕಾಯಿಸದೆ ಬಿಟ್ಟರೆ ನೊರೆಯುಕ್ಕಿ ಸಕ್ಕರೆಯ ಅಂಶ ಮದ್ಯವಾಗುತ್ತದೆ. ಗಾಳಿಯಾಡುವಂತೆ ಬಟ್ಟೆ ಕಟ್ಟಿ ಇನ್ನೂ ಕೆಲವು ವಾರ ಇಟ್ಟರೆ ಬೇರೊಂದು ಬಗೆಯ ಸೂಕ್ಷ್ಮಜೀವಿಗಳು ಆ ಮದ್ಯವನ್ನು ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಅದೇ ವಿನೆಗರ್. ಅಂಗಡಿಯ ಸೀಸೆಯಲ್ಲಿ ಈ ಆಮ್ಲ ನೂರಕ್ಕೆ ಸುಮಾರು 4ರಿಂದ 5 ಭಾಗ, ಮಿಕ್ಕಿದ್ದೆಲ್ಲ ನೀರು.

ಇದು ಎಲೆಯ ಜೀವಕೋಶಗಳ ಪೊರೆಯನ್ನು ಒಡೆಯುತ್ತದೆ. ಒಳಗಿನ ರಸ ಸೋರಿ, ಬಿಸಿಲಿದ್ದರೆ ಎಲೆ ಬೇಗನೆ ಒಣಗುತ್ತದೆ. ಆದರೆ ಬೇರಿಗೆ ಇಳಿಯುವುದಿಲ್ಲ. ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧಕರು 2002ರಲ್ಲಿ ತಿಳಿಸಿದಂತೆ, ಹುಟ್ಟಿ ಎರಡು ವಾರದೊಳಗಿನ ಎಳೆಯ ಕಳೆಗೆ ನೂರಕ್ಕೆ 5ರ ವಿನೆಗರ್ ಸಾಕು. ಬಲಿತದ್ದಕ್ಕೆ ಇನ್ನೂ ತೀಕ್ಷ್ಣವಾದದ್ದು ಬೇಕು. ನಮ್ಮ ಗರಿಕೆಯೂ ಜೇಕೂ ಹಾಗೆ ಸೋಲುವ ಜಾತಿಯಲ್ಲ. ಮೇಲಿನ ಎಲೆ ಸುಟ್ಟರೂ ಜೇಕಿನ ಗಡ್ಡೆ ಮಣ್ಣಿನೊಳಗೆ ನೆಮ್ಮದಿಯಾಗಿದ್ದು ಮತ್ತೆ ಚಿಗುರುತ್ತದೆ. ಅದಕ್ಕೆ ಗುದ್ದಲಿಯೇ ಮದ್ದು. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡು ನಾಡೆಲ್ಲ ಹಬ್ಬಿದ ಪಾರ್ಥೇನಿಯಂ ಗಿಡವನ್ನಾದರೋ ಹೂ ಬಿಡುವ ಮೊದಲೇ, ಮೈಗೆ ತಾಗದಂತೆ ಕೈಚೀಲ ತೊಟ್ಟು, ಬೇರುಸಹಿತ ಕೀಳತಕ್ಕದ್ದು.

ಸಿಂಪಡಿಸುವುದಾದರೆ ಗಾಳಿಯಿಲ್ಲದ, ಮಳೆಯ ಸೂಚನೆಯಿಲ್ಲದ ಬಿಸಿಲು ದಿನವನ್ನು ಆರಿಸಿಕೊಳ್ಳಿ. ಎಲೆಗೆ ಅಂಟಲೆಂದು ಎರಡು ಮೂರು ತೊಟ್ಟು ಸಾಬೂನಿನ ದ್ರವ ಸೇರಿಸಬಹುದು. ವಿನೆಗರಿಗೆ ಕಳೆ ಯಾವುದು, ಮಲ್ಲಿಗೆ ಯಾವುದು ಎಂಬ ವಿವೇಕವಿಲ್ಲ. ತುಳಸಿಕಟ್ಟೆಯ ಬಳಿ ಕುಂಚದಿಂದ ಹಚ್ಚುವುದೇ ಲೇಸು. ಗಾರೆಯ ನೆಲವಾದರೆ ಬೇಡವೇ ಬೇಡ, ಹುಳಿ ಸುಣ್ಣವನ್ನು ತಿನ್ನುತ್ತದೆ. ಹಿತ್ತಾಳೆಯ ಪಾತ್ರೆಯಲ್ಲಿ ಬೆರೆಸಿದರೆ ಕಿಲುಬು ಏಳುವುದನ್ನು ಗೃಹಿಣಿಯರಿಗೆ ನಾನು ಹೇಳಬೇಕಾಗಿಲ್ಲ.

ಕೆಲವರು ಇದಕ್ಕೆ ಹಿಡಿ ಉಪ್ಪನ್ನೂ ಸೇರಿಸಲು ಹೇಳುತ್ತಾರೆ. ಈ ಸಲಹೆ ನನಗೆ ಸ್ವಲ್ಪವೂ ಹಿಡಿಸದು. ವಿನೆಗರನ್ನು ಮಣ್ಣಿನ ಜೀವಿಗಳು ಕೆಲವೇ ದಿನಗಳಲ್ಲಿ ಅರಗಿಸಿಕೊಂಡಾವು. ಉಪ್ಪು ಮಾತ್ರ ಉಳಿದುಬಿಡುತ್ತದೆ. ಮಂಡ್ಯ ಜಿಲ್ಲೆಯ ನಾಲೆಯ ಬಯಲಿನಲ್ಲಿ ಚೌಳು ಹಿಡಿದ ಗದ್ದೆಯನ್ನು ಕಂಡವರು ತಮ್ಮ ಪಾತಿಗೆ ತಾವೇ ಉಪ್ಪು ಸುರಿದಾರೆಯೆ?

ಇನ್ನೊಂದು ಮಾತು. ಪಾತಿಯಲ್ಲಿ ತಾನಾಗಿ ಹುಟ್ಟಿದ್ದೆಲ್ಲ ಕಳೆಯಲ್ಲ. ಅಣ್ಣೆ, ಕೀರೆ, ಗೋಣಿ, ಗಣಿಕೆ ಇವನ್ನು ಕೂಡಿಸಿ ಬೇಯಿಸಿದ ಬೆರಕೆ ಸೊಪ್ಪಿನ ಸಾರು ಮುದ್ದೆಗೆ ಎಷ್ಟು ಒಪ್ಪುತ್ತದೆಂಬುದು ನಮ್ಮ ಕಡೆಯ ಮನೆಗಳಿಗೆ ಗೊತ್ತು. ಪೇಟೆಯ ಮಕ್ಕಳಿಗೆ ಈ ಗಿಡಗಳ ಹೆಸರೇ ಮರೆತುಹೋಗುತ್ತಿದೆ. ಸಿಂಪಡಿಸುವ ಮುನ್ನ ಬಲ್ಲ ಹಿರಿಯರೊಬ್ಬರನ್ನು ಹಿತ್ತಿಲಿಗೆ ಕರೆದು ಗುರುತು ಹಿಡಿಸಿ, ಸೊಪ್ಪು ಬಿಡಿಸಿಕೊಳ್ಳಿ.

ಬಲಿತ ಕಳೆಗೆಂದು ನೂರಕ್ಕೆ 20 ಭಾಗ ಆಮ್ಲವಿರುವ ವಿನೆಗರನ್ನು ಮನೆಗೆ ತರಬೇಡಿ. ಅದು ಅಡುಗೆಯ ವಿನೆಗರಿನಂತಲ್ಲ. ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಯಾವ ವಿನೆಗರೇ ಕಣ್ಣಿಗೆ ಬಿದ್ದರೂ ಕೂಡಲೇ ತಣ್ಣೀರಿನಿಂದ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಉಳಿದ ದ್ರವವನ್ನು ಕುಡಿಯುವ ನೀರಿನ ಬಾಟಲಿಗೆ ತುಂಬದೆ, ಹೆಸರು ಬರೆದ ಸೀಸೆಯಲ್ಲಿ ಮಕ್ಕಳ ಕೈಗೆ ಎಟುಕದ ಕಡೆ ಇಡಿ.