ಎಂಟು ಕಪ್ ಚಹಾ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ. ಮೂವತ್ತು ವರ್ಷ ಮಾಟುಂಗಾ, ದಾದರದ ಹೋಟೆಲುಗಳಲ್ಲಿ ಕ್ಲೀನರಾಗಿ, ಮಾಣಿಯಾಗಿ, ಕೊನೆಗೆ ಗಲ್ಲೆಯ ಮೇಲೆ ಕುಳಿತು ದುಡಿದವನು. ಈಗ ಸಕ್ಕರೆ ಕಾಯಿಲೆಯವನು. ಈ ಎರಡನೆಯ ಅರ್ಹತೆಯಿಂದಲೇ ನಿಮ್ಮ ಮುಂದೆ ನಿಂತಿದ್ದೇನೆ.

ರೋಗ ನನಗೆ ತಿಳಿದುದು ಹೀಗೆ. ಒಂದು ಸಂಜೆ ಅಡಿಗೆಮನೆಯ ಬಾಗಿಲಲ್ಲಿ ಹುಡುಗನ ಕೈಯಿಂದ ಕುದಿಯುವ ಚಹಾ ನನ್ನ ಎಡಗಾಲಿನ ಮೇಲೆ ಬಿತ್ತು. ನೋಡಿದವರು ಕೂಗಿದರು, ನಾನು ಕೂಗಲಿಲ್ಲ. ಗುಳ್ಳೆ ಎದ್ದಿತು, ನೋವಿಲ್ಲ. ನನ್ನ ಗಟ್ಟಿತನವೆಂದು ಒಳಗೊಳಗೆ ಹೆಮ್ಮೆಯೂ ಆಯಿತೆನ್ನಿ! ಹುಣ್ಣು ಒಂದು ತಿಂಗಳಾದರೂ ಮಾಯದಿದ್ದಾಗ ಆಸ್ಪತ್ರೆಗೆ ಹೋದೆ. ರಕ್ತದಲ್ಲಿ ಸಕ್ಕರೆ ಏರಿ ವರ್ಷಗಳೇ ಆಗಿದ್ದುವು, ಕಾಲಿನ ನರಗಳು ಸತ್ತಿದ್ದುವು. ಈಗ ಆ ಕಾಲಿನಲ್ಲಿ ಎರಡು ಬೆರಳುಗಳಿಲ್ಲ.

ನಾನು ಕುಡುಕನಲ್ಲ, ದುಂದುಗಾರನಲ್ಲ. ಹಾಗಾದರೆ ರೋಗ ಬಂದುದೆಲ್ಲಿಂದ? ತಂದೆಗೂ ಇದ್ದಿತು, ಅದೊಂದು ಕಾರಣ. ಉಳಿದುದನ್ನು ಲೆಕ್ಕ ಹಾಕೋಣ. ದಿನಕ್ಕೆ ಎಂಟು ಕಪ್ ಚಹಾ. ಹೋಟೆಲಿನವನಿಗೆ ಅದು ಪುಕ್ಕಟೆ, ಹಸಿವೆಗೂ ಅದೇ, ನಿದ್ದೆಗೂ ಅದೇ. ಕಪ್ಪಿಗೆ ಎರಡು ಚಮಚೆಯಂತೆ ಹದಿನಾರು ಚಮಚೆ, ಅಂದರೆ ಸುಮಾರು 64 ಗ್ರಾಂ ಸಕ್ಕರೆ. ಹೀಗೆ ಸೇರಿಸಿ ತಿನ್ನುವ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೇಲೆ ರಾತ್ರಿ ಹನ್ನೆರಡಕ್ಕೆ ಉಳಿದ ಅನ್ನ-ಸಾಂಬಾರು ಬಡಿಸಿಕೊಂಡು, ತಟ್ಟೆ ತೊಳೆದು, ಅಲ್ಲಿಯೇ ಚಾಪೆ ಹಾಸುವುದು. ಡಾಕ್ಟರರು ಎಂಟು ಗಂಟೆಗೆ ಊಟ ಮಾಡಿರೆಂದರು. ಎಂಟು ಗಂಟೆಗೆ ನಾವು ಅವರಿಗೆ ಬಡಿಸುತ್ತಿರುತ್ತೇವೆ!

ಗಿರಣಿಯ ಬಂಧುಗಳಲ್ಲಿ ಇಲ್ಲಿ ಬಂದವರು ಹೆಚ್ಚಾಗಿ ವಯಸ್ಸಾದವರು. 1982ರ ಮುಷ್ಕರದ ಬಳಿಕ ಲಾಲ್‌ಬಾಗ್, ಪರೇಲದ ಚಿಮಣಿಗಳು ಒಂದೊಂದಾಗಿ ಆರಿದುವು. ಹತ್ತಿಯ ಧೂಳು ಮಾತ್ರ ಎದೆಯಲ್ಲಿ ಉಳಿಯಿತು. ರಜೆ ಮುಗಿಸಿ ಮರುದಿನ ಪಾಳಿಗೆ ಹೋದೊಡನೆ ಎದೆ ಬಿಗಿಯುತ್ತಿದ್ದುದು ನೆನಪಿದೆಯಲ್ಲವೆ? ಆ ರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು. ಧೂಳನ್ನು ನೀವು ಬೇಡಿ ಪಡೆದುದಲ್ಲ. ಆದರೆ ಅದರ ಮೇಲೆ ಬೀಡಿಯ ಹೊಗೆಯೂ ಸೇರಿದವರ ಶ್ವಾಸಕೋಶ ಇನ್ನಷ್ಟು ಕೆಟ್ಟಿತು. ಈಗ ಬಿಟ್ಟರೂ ಲಾಭವುಂಟು. ಸುಣ್ಣ ತಿಕ್ಕಿದ ತಂಬಾಕು ಬಾಯಿಯ ಕ್ಯಾನ್ಸರಿಗೆ ದಾರಿಯೆಂದು ಪರೇಲದ ಟಾಟಾ ಆಸ್ಪತ್ರೆಯ ಹೊರಗಿನ ಸಾಲನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಗುಟ್ಕಾವನ್ನು ಸರಕಾರ 2012ರಲ್ಲಿಯೇ ನಿಷೇಧಿಸಿದೆ. ನಮ್ಮ ಪಾನ್ ಅಂಗಡಿಯವರಿಗೆ ಸುದ್ದಿ ಮುಟ್ಟಿದಂತಿಲ್ಲ.

ಬೆಳಿಗ್ಗೆ ಸಮುದ್ರತೀರದಲ್ಲಿ ತಿರುಗಾಡಿರೆಂದು ನಾನು ಹೇಳಲಾರೆ. ಹದಿನಾಲ್ಕು ತಾಸು ನಿಂತವನ ಕಾಲಿಗೆ ಆ ಉಪದೇಶ ಅಪಹಾಸ್ಯ. ಚಹಾದ ಸಕ್ಕರೆಯನ್ನು ಅರ್ಧಕ್ಕಿಳಿಸಬಹುದು. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕಣ್ಣಾರೆ ನೋಡಬಹುದು. ಮೋರಿಯಲ್ಲಿ ನೆನೆಯುವ ಕಾಲು ನಮ್ಮದು. ಊಟದ ಹೊತ್ತು ಮಾತ್ರ ನಮ್ಮ ಕೈಯಲ್ಲಿಲ್ಲ, ಅದು ಧನಿಗಳ ಕೈಯಲ್ಲಿದೆ. ಸಂಜೆಯ ಗಿರಾಕಿ ಏರುವ ಮೊದಲು, ಆರೂವರೆಗೆ, ಹುಡುಗರಿಗೆ ಅರ್ಧ ತಾಸು ಊಟಕ್ಕೆ ಬಿಡಬೇಕೆಂದು ಸಂಘವು ಧನಿಗಳನ್ನು ಕಂಡು ಕೇಳಬೇಕು. ದುಡಿಮೆಯ ನಡುವೆ ವಿರಾಮವು ಮಹಾರಾಷ್ಟ್ರದ 2017ರ ಅಂಗಡಿ ಕಾಯಿದೆಯಲ್ಲಿಯೇ ಇದೆ. ನಾವು ಭಿಕ್ಷೆ ಕೇಳುತ್ತಿಲ್ಲ.

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಇದೇ ಖೋಲಿಯಲ್ಲಿ ರಕ್ತಪರೀಕ್ಷೆ, ರಕ್ತದೊತ್ತಡ ನೋಡುವ ಏರ್ಪಾಡಾಗಿದೆ. ನೋವಿಲ್ಲದವರೇ ಮೊದಲು ಬರಬೇಕು. ಚಹಾ ಕುಡಿಯದೆ ಬನ್ನಿರಿ. ಪರೀಕ್ಷೆಯಾದ ಮೇಲೆ ನಾನೇ ಕುಡಿಸುತ್ತೇನೆ, ಸಕ್ಕರೆ ಅರ್ಧ.